ಏಳಕ್ಕಿಂತ ಮೊದಲು ಎಂಟು

ನನ್ನ ತಂಗಿ ಮಗ ಅದಕ್ಕ ಕಲ್ಟ್ ಅಂತಾನ.
ಹಂಗಂದ್ರೇನಪಾ, ಅಂದೆ.
ಓಡದ ಸಿನಿಮಾ, ದೊಡವ್ವ, ಅದನ್ನ ಬಿಟ್ಟು ಓಡದ ಮಂದಿ, ಅಂದ.

ಹಂಗಾದ್ರ ಬನಹಟ್ಟಿಯೊಳಗ ನಾವು ಹನ್ನೊಂದು ಮಂದಿ.
ಹದಿಮೂರಿದ್ವಿ.

ಆರು ದಿನ ಇತ್ತು ಮಹಾನಂದಾ ಟಾಕೀಜಿನಾಗ.
ಹೆಂಗಸರ ಕಡೆ ಬೆಂಚಿಗೆ ತಗಣಿ,
ನಡುವ ಪರದೆ, ಪರದೆ ಆಚೆಯಿಂದ ಬೀಡಿ ಹೊಗಿ.
ಕಂಡಿಕಿ ಸುತ್ತಿ ಗಳಿಸಿದ್ದ ರೊಕ್ಕ ಸುರುವಿ
ಆರೂ ದಿನ ನೋಡಿದಾಕಿ ನಾನು.
ಹೆಸರು ಮಾತ್ರ ಕೇಳಬ್ಯಾಡ್ರಿ.
ಅಂಟಿನ ಆಸೆಗೆ ಪೋಸ್ಟರಿನ ಅರ್ಧಾ ಆಕಳು ತಿಂದಿತ್ತು,
ಉಳಿದದ್ದು ‘ನ ಮನಿ’ ಅಂತ ಅಷ್ಟ.
ಯಾರ ಮನಿಯೋ.
ತಂಗಿ ಮಗ ಪೂರ್ತಿ ಹೆಸರು ಹುಡುಕಿ ಹೇಳಿದ, ನಾ ಮರತೆ.

ಅದರಾಗ ಒಬ್ಬಾಂವ ಬ್ಯಾಂಡಿನವ, ಕ್ಲಾರಿಯೋನೆಟ್ ಊದಾಂವ.
ಗೇಟು ಬಿದ್ದ ಮ್ಯಾಲ ಹಳಿ ದಾಟಾಕ ಹೋಗಿ ಸತ್ತ.
ವಾದ್ಯದ ಚೀಲ ಈಚೆ, ಚಪ್ಪಲಿ ಆಚೆ.
ಅದರ ಬೆನ್ನಿಗೇ
ಬಾಗಲಾ ದೂಡಿಕೊಂಡು ಅಂವನ ಒಳಗ ಬಂದ.
ಕಾಲು ತೊಳಕೊಂಡ. ಕುಂತ.
ಹೇಣ್ತಿ ಮಾತಾಡಲಿಲ್ಲ.
ಸ್ಟೋವಿಗೆ ಪಂಪು ಹೊಡದಳು, ಚಹಾ ಇಟ್ಟಳು,
ಒಂದು ಚಮಚ ಸಕ್ಕರಿ,
ತಡದು,
ಇನ್ನೊಂದು.
ಅಂವ ಊದಾಕ ಸುರು ಮಾಡಿದ.

ಸಂಗೀತದ ಮಾತು ಬಂತಂದ್ರ ನನ್ನ ಬಾಯಿ ಮುಚ್ಚಸಬ್ಯಾಡ್ರಿ.
ನಲವತ್ತು ಪಿಟೀಲು ಕೂಡಿ ಅತ್ರೂ ನನಗ ಅಳು ಬರಂಗಿಲ್ಲ,
ರೊಕ್ಕಾ ಕೊಟ್ಟು ಕರಸಿದ ಮಂದಿ ಅತ್ತಂಗ ಅನಸ್ತೈತಿ.
ಹಿಮದ ಗುಡ್ಡದಾಗ ಸೀರಿ ಹಾರಸೋ ಹಾಡು ಬಂದ್ರ
ಎಂಥ ನೂಲು, ಎಷ್ಟು ಎಳಿ ಅಂತ ಸೀರಿ ನೋಡತೀನಿ,
ಹಾಡು ಕಿವಿಗೆ ಬೀಳಂಗಿಲ್ಲ.
ಇಲ್ಲಿ ಇದ್ದದ್ದು ಒಂದ ವಾದ್ಯ.
ಸ್ಟೋವಿನ ಭರ್ ಅನ್ನೋದ ಅದಕ್ಕ ಶ್ರುತಿ.
ಮ್ಯಾಲಿನ ಸ್ವರಕ್ಕ ಹತ್ತಿ ಅಲ್ಲೇ ನಿಂತು
ಇಳೀಲ್ಯೋ ಬ್ಯಾಡೋ ಅಂತ ಅಕಿನ್ನ ಕೇಳತಿತ್ತು.
ಅಕಿ ಕಪ್ಪು ಮುಂದಿಟ್ಟಳು. ಇಳೀತು.
ಪರದೆ ಆಚೆ ಸೀಟಿ ಹೊಡ್ಯಾಕಂತ
ಬಾಯಾಗ ಬಟ್ಟ ಇಟಕೊಂಡಾವ್ರು ಹಂಗ ಕುಂತಿದ್ರು.

ಸತ್ತಾಂವ ಹೆಂಗ ಬಂದ ಅಂತ ಒಬ್ರೂ ಕೇಳಲಿಲ್ಲ.
ಕೇಳೋದೇನೈತಿ.
ಬರತಾರ.

ಮುಂದ ನನ್ನ ರಬಕವಿಗೆ ಕೊಟ್ರು.
ಗಂಡನ ಹೆಸರು ಹೇಳಬಾರದು, ಹೇಳತೀನಿ, ಹೊಳಬಸಪ್ಪ,
ಪಾವರ್‌ಲೂಮಿನಾಗ ಜಾಬರ್.
ಮೊದಲ ವಾರದಾಗ ಆ ಸಿನಿಮಾದ ಸುದ್ದಿ ತಗದೆ.
ಅದಾ? ನಾ ಮಲಕೊಂಡಬಿಟ್ಟಿದ್ದೆ, ಅಂದ.
ಸತ್ತ ಮ್ಯಾಲ ಬರತಾನಲ್ರೀ, ಅಂದೆ.
ಎಲ್ಲಿ ಬರತಾನ? ಬಂದು, ಚಹಾ ಕುಡದು, ಆಮ್ಯಾಲ ಹೋಗಿ ಸಾಯತಾನ, ಅಂದ.
ಆ ರಾತ್ರಿ ಇಬ್ಬರೂ ಊಟಾ ಬಿಟ್ವಿ.

ಎಷ್ಟೋ ವರ್ಷಕ್ಕ ತಿಳೀತು. ಪ್ರಿಂಟು ಒಂದು, ಟಾಕೀಜು ಎರಡು.
ಮೊದಲು ರಬಕವಿ, ಅರ್ಧಾ ತಾಸು ತಡದು ಬನಹಟ್ಟಿ,
ನಡುವ ರೀಲಿನ ಡಬ್ಬಿ ಕಟಗೊಂಡು ಸೈಕಲ್ ಮ್ಯಾಲ ಮೀರಾಸಾಬ.
ಇಂಟರ್ವಲ್ಲಿನಾಗ ಅಂವಗ ಮಿರ್ಚಿಭಜಿ ತಿನ್ನೋ ಚಟ,
ಹಂಗಾಗಿ ಏಳು ಎಂಟು ಕೂಡೇ ತರತಿದ್ದ,
ಏಳರ ಮ್ಯಾಲ ಎಂಟು ಹೇರಿ.
ಆಪರೇಟರ್ ಮ್ಯಾಲಿಂದು ಮೊದಲು ತಗದು ಹಚ್ಚತಿದ್ದ.
ಆರೂ ದಿನ.

ತಂಗಿ ಮಗ ಫೋನಿನಾಗ ತೋರಿಸಿದ, ನಂಬರಿನ ಪ್ರಕಾರ.
ಅಕಿ ಸುಮ್ಮನಿದ್ದದ್ದು ಸಿಟ್ಟಿಗಂತ.
ಕಿರಾಣಿ ಅಂಗಡಿ ಉದ್ರಿ ತೀರಿಸಿಲ್ಲಂತ.
ಇಷ್ಟ ಏನು?
ಎರಡನೇ ಚಮಚ ಸಕ್ಕರಿ ಬರೇ ಸಕ್ಕರಿ ಏನು?

ಫೋನಿನಾಗಿಂದು ತಪ್ಪು ಅಂತೀನಿ.
ಡೈರೆಕ್ಟರ್ ಬಂದು ಹೊಸ್ತಿಲದಾಗ ಕುಂತು ಹೇಳಿದ್ರೂ
ತಪ್ಪ ಅಂತೀನಿ.
ಪಾಪ, ಅಂವಗ ಮಿರ್ಚಿ ತಿನ್ನೋ ಒಬ್ಬ ಹುಡುಗ ಸಿಗಲಿಲ್ಲ.

ಹೊಳಬಸಪ್ಪ ಈಗೂ ಆ ಟ್ಯೂನು ಗುಣುಗತಾನ,
ಮಗ್ಗಕ್ಕ ಎಣ್ಣಿ ಬಿಡುವಾಗ, ತನಗ ಗೊತ್ತಿಲ್ಲದಂಗ.
ಮ್ಯಾಲಿನ ಸ್ವರಕ್ಕ ಹತ್ತಿದವನ
ದಬಕ್ಕನ ಇಳಿಸಿಬಿಡತಾನ,
ಸಾಯೋದು ಇನ್ನೂ ಮುಂದೈತಿ ಅನ್ನೋರಂಗ.
ತಡೀರಿ, ಅಂತೀನಿ ಅಡಗಿ ಮನಿಯಿಂದ.
ಎರಡನೇ ಚಮಚ ಇನ್ನೂ ಹಾಕಿಲ್ಲ.